ಸೊನ್ನೆಗಿಳಿಯದ ಮುಳ್ಳು

ಪ್ರಾಯೋಗಿಕ ಪರೀಕ್ಷೆಯಲ್ಲಿ ಕೆಪಾಸಿಟರಿನ ಪ್ರಯೋಗವು ತಮ್ಮ ಪಾಲಿಗೆ ಬಂದಿತೆಂದು ಹಿಗ್ಗುವ ವಿದ್ಯಾರ್ಥಿಗಳು, ಮೇಜಿನ ಮೇಲಿರುವ ಮಾಪಕವು ಎಂಥದೆಂಬುದನ್ನು ಮೊದಲು ವಿಚಾರಿಸಿಕೊಳ್ಳಲಿ. ನನಗೆ ದೊರೆತವು 9 ವೋಲ್ಟಿನ ಎಲಿಮಿನೇಟರು, 100 ಕಿಲೋಓಮಿನ ರೋಧಕ, 1000 ಮೈಕ್ರೋಫ್ಯಾರಡಿನ ಕೆಪಾಸಿಟರು, ಮೈಕ್ರೋಅಮ್ಮೀಟರು ಮತ್ತು ಅಟೆಂಡರನು ಬೀರುವಿನ ತಳದಿಂದ ಹೆಕ್ಕಿ ತಂದ ಮುಳ್ಳಿನ ಮಲ್ಟಿಮೀಟರು. ಲೆಕ್ಕದ ಪ್ರಕಾರ ಕಾಲಸ್ಥಿರಾಂಕ 100 ಸೆಕೆಂಡು. ಅಷ್ಟರಲ್ಲಿ ಕೆಪಾಸಿಟರಿನ ವಿಭವಾಂತರವು ಪೂರ್ಣಮೌಲ್ಯದ 63 ಪ್ರತಿಶತಕ್ಕೇರಿ, ಪ್ರವಾಹವು ಆರಂಭದ 37 ಪ್ರತಿಶತಕ್ಕಿಳಿದು, ಕ್ರಮೇಣ ಶೂನ್ಯವನ್ನು ಸಮೀಪಿಸತಕ್ಕದ್ದು.

ಸ್ವಿಚ್ಚು ಒತ್ತಿದೊಡನೆ ಪ್ರವಾಹವು ಸರಿಯಾಗಿ 90 ಮೈಕ್ರೋಆಂಪಿಯರಿಗೆ ನೆಗೆದು ಇಳಿಯತೊಡಗಿತಾದರೂ, 30ರ ಬಳಿ ಬಂದು ನಿಂತ ಮುಳ್ಳು ಅಲ್ಲಿಂದ ಕದಲಲೊಲ್ಲದು. ವೋಲ್ಟೇಜೋ 6ಕ್ಕೇರಿ ಅಲ್ಲಿಯೇ ಠಿಕಾಣಿ ಹೂಡಿತು. ಕಂಡುದನ್ನು ಕಂಡಂತೆಯೇ ಬರೆದೆನು. ಹೊರಗಿನಿಂದ ಬಂದ ಪರೀಕ್ಷಕ ಮಹಾಶಯರು ಕೋಷ್ಟಕದ ಮೇಲೆ ಕೆಂಪು ಪೆನ್ನನ್ನಿರಿಸಿ, "ತುಂಬಿದ ಕೆಪಾಸಿಟರಿನಲ್ಲಿ ಕರೆಂಟು ಹರಿಯುವುದುಂಟೇನಯ್ಯಾ?" ಎಂದು ಇಡೀ ಪ್ರಯೋಗಶಾಲೆಗೆ ಕೇಳುವಂತೆ ಗರ್ಜಿಸಿದರು. "ಹರಿಯುತ್ತಿರುವುದು ಮೀಟರಿನಲ್ಲಿ ಸಾರ್" ಎಂದೆನು. ಡಯಲಿನ ಮೂಲೆಯಲ್ಲಿ ವೋಲ್ಟಿಗೆ 20,000 ಓಮು ಎಂದು ಸಣ್ಣಕ್ಷರದಲ್ಲಿ ಅಚ್ಚಾಗಿದ್ದುದನ್ನು ತೋರಿಸಿ, 10 ವೋಲ್ಟಿನ ಶ್ರೇಣಿಯಲ್ಲಿ ಆ ಮೀಟರು 200 ಕಿಲೋಓಮಿನ ರೋಧಕವೇ ಆಗುವುದರಿಂದ 9 ವೋಲ್ಟಿನಲ್ಲಿ ಮೂರರಲ್ಲೆರಡು ಪಾಲು ಮಾತ್ರ ಕೆಪಾಸಿಟರಿಗೆ ದಕ್ಕುವುದೆಂದೂ, ಕಾಲಸ್ಥಿರಾಂಕವೂ 67 ಸೆಕೆಂಡಿಗೆ ಕುಗ್ಗುವುದೆಂದೂ ವಿವರಿಸತೊಡಗಿದೆನು. ಮಾತು ಮುಗಿಯುವ ಮೊದಲೇ ಕೋಷ್ಟಕದ ಮೇಲೆ ಗೀಟು ಬಿದ್ದಿತು. ಅವರೆದುರಿಗೇ ವೋಲ್ಟ್‌ಮೀಟರಿನ ತಂತಿಯನ್ನು ಕಳಚಿದೆನು. ಅಷ್ಟು ಹೊತ್ತು ಹಟ ಹಿಡಿದಿದ್ದ ಮುಳ್ಳು 29, 28 ಎಂದು ಮೆಲ್ಲಮೆಲ್ಲನೆ ಇಳಿಯಹತ್ತಿತು. 100 ಸೆಕೆಂಡು ಕಾದಿದ್ದರೆ 11ಕ್ಕಿಳಿಯುವುದನ್ನು ಕಾಣಬಹುದಾಗಿತ್ತು. ಅವರು ಕಾಯಲಿಲ್ಲ. ಅಂಥದೇ ಮೀಟರನ್ನಿಟ್ಟುಕೊಂಡು ಪಠ್ಯಪುಸ್ತಕದ ವಕ್ರರೇಖೆಯನ್ನು ಬಾಯಿಪಾಠದಿಂದ ಬರೆದಿಟ್ಟಿದ್ದ ಪಕ್ಕದ ಮೇಜಿನವನಿಗೆ "ಭೇಷ್" ಎಂಬ ಪ್ರಶಸ್ತಿ ಸಂದಿತು.

ಇನ್ನು ಉಪಾಯಗಳು. ಈಗಿನ ಡಿಜಿಟಲ್ ಮೀಟರುಗಳಲ್ಲಿ ರೋಧವು ಸಾಮಾನ್ಯವಾಗಿ 10 ಮೆಗಾಓಮಿನಷ್ಟಿರುವುದರಿಂದ ಇದೇ ಮಂಡಲದಲ್ಲಿ ಸುಮಾರು 8.9 ವೋಲ್ಟು ದೊರೆತೀತು. ಮುಳ್ಳಿನದೇ ಗತಿಯಾದರೆ ವೋಲ್ಟ್‌ಮೀಟರನ್ನು ಜೋಡಿಸಲೇಬೇಡಿ. ಪ್ರವಾಹವನ್ನು ರೋಧದಿಂದ ಗುಣಿಸಿ 9ರಿಂದ ಕಳೆದರೆ ಕೆಪಾಸಿಟರಿನ ವಿಭವಾಂತರವು ತಾನಾಗಿ ಸಿಕ್ಕುತ್ತದೆ. ಮೀಟರಿನ ರೋಧವನ್ನು ಉತ್ತರಪತ್ರಿಕೆಯ ಮೊದಲ ಸಾಲಿನಲ್ಲಿಯೇ ದಪ್ಪಕ್ಷರಗಳಲ್ಲಿ ಬರೆಯಿರಿ. ಕೆಲವು ಪರೀಕ್ಷಕರು ಅಷ್ಟನ್ನಾದರೂ ಓದುತ್ತಾರೆ.