ಅಂಕೆಗಳ ತೀರ್ಪು: ಬೇಸ್‌ಬಾಲ್ ಆಟದಿಂದ ಒಂದು ಪಾಠ

ಅಂಕೆಯು ಸುಳ್ಳಾಡದೆಂದು ನಾವೆಲ್ಲರೂ ನಂಬಿರುವೆವಷ್ಟೆ. ಆದರೆ ಅದನ್ನು ಬರೆದ ನಿಯಮವನ್ನರಿಯದೆ ಓದುವವರು ಸುಲಭವಾಗಿ ಮೋಸಹೋಗುವರು. ಇದಕ್ಕೆ ಅಮೆರಿಕಾ ದೇಶದ ಬೇಸ್‌ಬಾಲ್ ಆಟವು ಒಳ್ಳೆಯ ನಿದರ್ಶನವಾಗಿದೆ.

ಈ ಆಟದಲ್ಲಿ ದಾಂಡಿಗನ ಕಡೆಗೆ ಚೆಂಡೆಸೆಯುವವನಿಗೆ ಪಿಚರ್ ಎಂದು ಹೆಸರು. ಅವನು ಎದುರು ಪಕ್ಷದ ಮೂವರನ್ನು ಔಟು ಮಾಡಿಸಿದರೆ ಅವನ ಲೆಕ್ಕಕ್ಕೆ ಒಂದು ಇನ್ನಿಂಗ್ಸ್ ಸೇರುವುದು. ಸಾಮಾನ್ಯವಾಗಿ ಒಂದು ಆಟಕ್ಕೆ ಒಂಬತ್ತು ಇನ್ನಿಂಗ್ಸ್. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕಾದಲ್ಲಿ ಕ್ರಿಕೆಟ್ ವರದಿಗಳನ್ನು ಬರೆಯುತ್ತಿದ್ದ ಹೆನ್ರಿ ಚ್ಯಾಡ್ವಿಕ್ (1824–1908) ಎಂಬವರು ಈ ಆಟದ ಲೆಕ್ಕವನ್ನು ಕ್ರಮಪಡಿಸಿದವರಲ್ಲಿ ಪ್ರಮುಖರು.

ಮೊದಲನೆಯದಾಗಿ ಬರೆಯುವ ರೀತಿಯನ್ನು ನೋಡೋಣ. ಪಿಚರನ ಹೆಸರಿನ ಮುಂದೆ 6.1 ಇನ್ನಿಂಗ್ಸ್ ಎಂದಿದ್ದರೆ ಅದು ದಶಾಂಶವಲ್ಲ. ಆರು ಪೂರ್ಣ ಇನ್ನಿಂಗ್ಸ್ ಮತ್ತು ಮತ್ತೊಂದರ ಮೂರನೆಯ ಒಂದು ಭಾಗ. ಆದುದರಿಂದ 6.2ಕ್ಕೆ 0.1 ಕೂಡಿಸಿದರೆ 7 ಆಗುವುದೇ ಹೊರತು 6.3 ಆಗದು.

ಎರಡನೆಯದು ಸರಾಸರಿ. ಪಿಚರನ ಹೊಣೆಗೆ ಸೇರಿದ ರನ್ನುಗಳನ್ನು ಒಂಬತ್ತರಿಂದ ಗುಣಿಸಿ, ಅವನ ಇನ್ನಿಂಗ್ಸುಗಳಿಂದ ಭಾಗಿಸುವರು. 217 ಇನ್ನಿಂಗ್ಸುಗಳಲ್ಲಿ 41 ರನ್ನು ಕೊಟ್ಟವನಿಗೆ 1.70 ಬರುವುದು. ಇದು ಕಡಿಮೆಯಾದಷ್ಟೂ ಮೇಲು. ಒಬ್ಬನನ್ನೂ ಔಟು ಮಾಡದೆ ರನ್ನು ಕೊಟ್ಟವನ ಗತಿಯೇನು? ಭಾಜಕವು ಸೊನ್ನೆಯಾದುದರಿಂದ ಅವನ ಸರಾಸರಿಯು ಅನಂತವೆನಿಸುವುದು! ಇದಲ್ಲದೆ, ಚೆಂಡು ಹಿಡಿಯುವವರ ಇಲ್ಲವೆ ತಿರುಗಿ ಎಸೆಯುವವರ ತಪ್ಪಿನಿಂದ ಬಂದ ರನ್ನು ಈ ಲೆಕ್ಕಕ್ಕೆ ಸೇರದು. ಆ ತಪ್ಪು ಪಿಚರನದೇ ಆಗಿದ್ದರೂ ನಿಯಮವು ಅದೇ.

ಮೂರನೆಯದು ಸೋಲುಗೆಲುವು. ಪ್ರತಿಯೊಂದು ಆಟದ ಗೆಲುವನ್ನು ಒಬ್ಬ ಪಿಚರನ ಹೆಸರಿಗೂ ಸೋಲನ್ನು ಮತ್ತೊಬ್ಬನ ಹೆಸರಿಗೂ ಬರೆಯುವರು. 1964ರ ಏಪ್ರಿಲ್ 23ರಂದು ಹೂಸ್ಟನ್ ಪಕ್ಷದ ಕೆನ್ ಜಾನ್ಸನ್ ಒಂಬತ್ತು ಇನ್ನಿಂಗ್ಸುಗಳಲ್ಲಿ ಸಿನ್ಸಿನಾಟಿಯ ದಾಂಡಿಗರಿಗೆ ಒಂದು ಹಿಟ್ಟನ್ನೂ ಕೊಡಲಿಲ್ಲ. ಆದರೂ ತನ್ನದೊಂದು ತಪ್ಪು ಎಸೆತ ಹಾಗೂ ಜೊತೆಗಾರನ ತಪ್ಪಿನಿಂದ ಎದುರು ಪಕ್ಷಕ್ಕೆ ಒಂದು ರನ್ನು ದೊರೆಯಿತು. ಆಟವು 1–0ರಿಂದ ಕೈಬಿಟ್ಟಿತು. ಅಂದಿನ ಪಟ್ಟಿಯಲ್ಲಿ ಅವನ ಸರಾಸರಿ ಸೊನ್ನೆ, ಸೋಲು ಒಂದು! 1987ರಲ್ಲಿ ನೋಲನ್ ರಯನ್ ನ್ಯಾಷನಲ್ ಲೀಗಿನಲ್ಲಿಯೇ ಅತಿ ಕಡಿಮೆಯಾದ 2.76 ಸರಾಸರಿಯನ್ನು ಪಡೆದರೂ ಗೆದ್ದುದು 8, ಸೋತುದು 16. ತನ್ನ ಪಕ್ಷದವರು ರನ್ನು ಗಳಿಸದಿದ್ದರೆ ಪಿಚರನು ಎಷ್ಟು ಚೆನ್ನಾಗಿ ಎಸೆದರೇನು?

ಹಾಗಾದರೆ ಲೆಕ್ಕವನ್ನೇ ಬಿಟ್ಟುಬಿಡಬೇಕೆ? ಹಾಗಲ್ಲ. ಮೇಲೆ ಹೇಳಿದ 1.70 ಸರಾಸರಿಯು 2018ರಲ್ಲಿ ನ್ಯೂಯಾರ್ಕ್ ಮೆಟ್ಸ್ ಪಕ್ಷದ ಜೇಕಬ್ ಡಿಗ್ರಾಮನದು. ಅವನು ಗೆದ್ದುದು 10, ಸೋತುದು 9 ಮಾತ್ರವೇ. ಆದರೂ ಶ್ರೇಷ್ಠ ಪಿಚರನಿಗೆ ಸಲ್ಲುವ ಸೈ ಯಂಗ್ ಪ್ರಶಸ್ತಿಯು ಅವನಿಗೇ ದೊರೆಯಿತು. ತೀರ್ಪುಗಾರರು ಅಂಕೆಗಳನ್ನು ತಳ್ಳಿಹಾಕಲಿಲ್ಲ. ಯಾವ ಅಂಕೆಯು ಯಾವುದನ್ನು ಅಳೆಯುತ್ತದೆಂಬುದನ್ನು ವಿವೇಚಿಸಿದರು.

ಮಕ್ಕಳ ಅಂಕಪಟ್ಟಿಯು ಮನೆಗೆ ಬಂದಾಗ ತಂದೆತಾಯಿಗಳಾದ ನಾವೂ ಈ ವಿವೇಚನೆಯನ್ನು ಮರೆಯದಿರೋಣ. ಅಂಕೆಯ ಹಿಂದೆ ಮಗಳ ಪ್ರಯತ್ನವೆಷ್ಟು, ಅವಳಿಗೆ ದೊರೆತ ನೆರವೆಷ್ಟು ಎಂದು ವಿಚಾರಿಸೋಣ. ದೇವಾಲಯದ ಬೊಕ್ಕಸದಲ್ಲಿ ಬಡ ವಿಧವೆಯು ಹಾಕಿದ ಎರಡು ಕಾಸುಗಳು ಲೆಕ್ಕಕ್ಕೆ ಅಲ್ಪವೇ ಆಗಿದ್ದವು. ಕರ್ತನ ದೃಷ್ಟಿಯಲ್ಲಿ ಅವು ಎಲ್ಲರ ಕಾಣಿಕೆಗಿಂತಲೂ ಹೆಚ್ಚಾಗಿದ್ದವು.