ಆದೇಶ ಪತ್ರ ಕೈಸೇರಿದ ಮೇಲೆ

ಮಗಳೇ, ಪ್ರಥಮ ದರ್ಜೆ ಸಹಾಯಕಿ ಹುದ್ದೆಗೆ ನಿನ್ನ ನೇಮಕಾತಿ ಆದೇಶ ಬಂತೆಂದು ನಿಮ್ಮಮ್ಮ ಫೋನ್ ಮಾಡಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪದವಿ ಮುಗಿಸಿದ ಮೇಲೂ ಪುಸ್ತಕ ಬಿಡದೆ ಕೂತು, ಅಧಿಸೂಚನೆ, ಪರೀಕ್ಷೆ, ತಾತ್ಕಾಲಿಕ ಪಟ್ಟಿ, ಅಂತಿಮ ಪಟ್ಟಿ, ದಾಖಲೆ ಪರಿಶೀಲನೆ ಎಲ್ಲವನ್ನೂ ದಾಟಿ ಬಂದಿದ್ದೀಯ. "ದೊಡ್ಡಮ್ಮ, ಸಂಬಳ ಎಷ್ಟು ಬರುತ್ತೆ? ಮುಂದೆ ಎಲ್ಲಿವರೆಗೆ ಹೋಗಬಹುದು?" ಅಂತ ಕೇಳಿದೆಯಲ್ಲ, ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ ಅದು. ಗುಮಾಸ್ತೆಯಾಗಿ ಸೇರಿ ಅಧೀಕ್ಷಕಿಯಾಗಿ ನಿವೃತ್ತಳಾದವಳು ನಾನು. ಕಂಡಿದ್ದನ್ನು ಬರೆಯುತ್ತೇನೆ, ಸಮಾಧಾನವಾಗಿ ಓದು.

ಮೊದಲು ಸಂಬಳ. ಕೆ. ಸುಧಾಕರ ರಾವ್ ಅಧ್ಯಕ್ಷತೆಯ ರಾಜ್ಯ ಏಳನೇ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಪರಿಷ್ಕೃತ ವೇತನ ಜಾರಿಗೆ ಬಂತು. ಪ್ರಥಮ ದರ್ಜೆ ಸಹಾಯಕರ ಹುದ್ದೆಯ ಶ್ರೇಣಿ ಈಗ 44,425ರಿಂದ 83,700 ರೂಪಾಯಿ. ನಿನ್ನ ಮೂಲ ವೇತನ 44,425ರಿಂದ ಶುರು. ಅದರ ಮೇಲೆ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ. ಬೆಂಗಳೂರಿನಲ್ಲಿದ್ದರೆ ಬಾಡಿಗೆ ಭತ್ಯೆ ಮೂಲ ವೇತನದ ಶೇ 20, ಅಂದರೆ 8,885 ರೂಪಾಯಿ. ಸಣ್ಣ ಊರಿನ ಕಚೇರಿಯಾದರೆ ಶೇ 7.5, ಮೂರು ಸಾವಿರದ ಮುನ್ನೂರು ಚಿಲ್ಲರೆ. ವ್ಯತ್ಯಾಸ ದೊಡ್ಡದೆಂದು ಬೆಂಗಳೂರಿಗೆ ಆಸೆಪಡಬೇಡ. ಅಲ್ಲಿನ ಬಾಡಿಗೆಯೇ ಅದನ್ನು ಪೂರ್ತಿ ನುಂಗಿಬಿಡುತ್ತದೆ.

ಇನ್ನು ಕಡಿತ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೇ ಪಿಂಚಣಿ ಇಲ್ಲ, ಎನ್‌ಪಿಎಸ್ ಎಂಬ ಹೊಸ ಪಿಂಚಣಿ ಯೋಜನೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿಸಿ ಅದರ ಶೇ 10 ನಿನ್ನಿಂದ, ಶೇ 14 ಸರ್ಕಾರದಿಂದ. ಆ ಯೋಜನೆಯ ಖಾತೆಯ ಪ್ರಾನ್ ಸಂಖ್ಯೆ ತಡವಾಗಿ ಬಂದರೆ ವಂತಿಗೆ ಜಮೆಯಾಗುವುದೂ ತಡ. ಕೆಲಸಕ್ಕೆ ಸೇರಿದ ತಿಂಗಳಲ್ಲೇ ಅದರ ಬೆನ್ನುಹತ್ತು. ಸರ್ಕಾರಿ ವಿಮಾ ಇಲಾಖೆಯ (ಕೆಜಿಐಡಿ) ವಿಮೆ ಕಡ್ಡಾಯ. 1891ರಲ್ಲಿ ಮೈಸೂರು ಸಂಸ್ಥಾನದಲ್ಲಿ ಶುರುವಾದ ಪದ್ಧತಿ ಅದು, ಇವತ್ತಿಗೂ ನೌಕರರ ಮನೆಗಳಿಗೆ ಆಸರೆಯಾಗಿದೆ. ಹಣ ಹೋಯಿತೆಂದು ಅಂದುಕೊಳ್ಳಬೇಡ.

ನಿನ್ನ ಜೊತೆ ಬಿಕಾಂ ಮಾಡಿ ಖಾಸಗಿ ಕಂಪನಿ ಸೇರಿದ ಅನೇಕರಿಗೆ ಮೊದಲ ವರ್ಷ ಇಷ್ಟು ಸಂಬಳ ಸಿಗದು. ಆದರೆ ಹತ್ತು ವರ್ಷದ ಮೇಲೆ ಅವರಲ್ಲಿ ಕೆಲವರು ನಿನ್ನನ್ನು ದಾಟಿ ಬಹಳ ಮುಂದೆ ಹೋಗಿರುತ್ತಾರೆ. ಈ ಲೆಕ್ಕ ಈಗಲೇ ಗೊತ್ತಿರಲಿ, ಆಮೇಲೆ ಸಂಕಟವಾಗುವುದಿಲ್ಲ. ನಿನ್ನ ವಾರ್ಷಿಕ ವೇತನ ಬಡ್ತಿ ಆರಂಭದಲ್ಲಿ 1,125 ರೂಪಾಯಿ, ಮೂಲ ವೇತನದ ಶೇ ಎರಡೂವರೆ. ಬೆಲೆ ಏರಿದಂತೆ ತುಟ್ಟಿಭತ್ಯೆ ಏರುತ್ತದೆ. ದೊಡ್ಡ ಜಿಗಿತ ಸಿಗುವುದು ವೇತನ ಪರಿಷ್ಕರಣೆಯಲ್ಲಿ, ಅದು ಬಂದದ್ದು 2012, 2018, 2024ರಲ್ಲಿ. ಅದನ್ನು ನಂಬಿ ಸಾಲ ಮಾಡಬೇಡ.

ಶ್ರೇಣಿ ಎಲ್ಲರಿಗೂ ಒಂದೇ. ಆದರೂ ಒಂದೇ ದಿನ ಸೇರಿದ ಇಬ್ಬರಲ್ಲಿ ಒಬ್ಬರು ಅಧೀಕ್ಷಕರಾಗಿ, ಪತ್ರಾಂಕಿತ ವ್ಯವಸ್ಥಾಪಕರಾಗಿ ನಿವೃತ್ತರಾಗುತ್ತಾರೆ, ಇನ್ನೊಬ್ಬರು ಸೇರಿದ ಮೇಜಿನಲ್ಲೇ ಉಳಿಯುತ್ತಾರೆ. ಬುದ್ಧಿ ಹೆಚ್ಚುಕಡಿಮೆ ಇದ್ದದ್ದರಿಂದ ಹೀಗಾಗುವುದನ್ನು ನಾನು ಕಂಡಿದ್ದು ಬಹಳ ಕಡಿಮೆ. ಇಲಾಖಾ ಪರೀಕ್ಷೆ, ಸೇವಾ ಪುಸ್ತಕ, ಜ್ಯೇಷ್ಠತೆ — ಇವನ್ನು ಯಾರು ಮೊದಲಿಂದ ನೋಡಿಕೊಂಡರೋ ಅವರು ಮೇಲೆ ಹೋದರು.

ಕೆಪಿಎಸ್‌ಸಿ ನಡೆಸುವ ಇಲಾಖಾ ಪರೀಕ್ಷೆಗಳಲ್ಲಿ ನಿನ್ನ ಹುದ್ದೆಗೆ ಯಾವ ಯಾವ ವಿಷಯ ನಿಗದಿಯಾಗಿದೆ ಎಂದು ಸೇರಿದ ವಾರದಲ್ಲೇ ಆಡಳಿತ ಶಾಖೆಯಲ್ಲಿ ಕೇಳಿ ಬರೆದಿಟ್ಟುಕೋ. ಅವುಗಳಲ್ಲಿ ಅಕೌಂಟ್ಸ್ ಹೈಯರ್ ಅಂದರೆ ಎಲ್ಲರೂ ಹೆದರಿಸುತ್ತಾರೆ. ಆದರೆ ಕೆಸಿಎಸ್‌ಆರ್ (ಕರ್ನಾಟಕ ನಾಗರಿಕ ಸೇವಾ ನಿಯಮಗಳು), ಆರ್ಥಿಕ ಸಂಹಿತೆ, ಖಜಾನೆ ಸಂಹಿತೆ ಇವು ಹೇಗೂ ನಿನ್ನ ದಿನನಿತ್ಯದ ಕೆಲಸದ ಪುಸ್ತಕಗಳೇ. ಓದುವ ಅಭ್ಯಾಸ ಕೈಯಲ್ಲಿರುವಾಗಲೇ, ಪರೀಕ್ಷಾರ್ಥ ಅವಧಿಯ ಎರಡು ವರ್ಷದೊಳಗೆ, ಎಲ್ಲ ಮುಗಿಸಿಬಿಡು. ಪಾಸಾಗದಿದ್ದರೆ ಬಡ್ತಿ ಇಲ್ಲ, ವಾರ್ಷಿಕ ವೇತನ ಬಡ್ತಿಗೂ ತಡೆ ಬೀಳುತ್ತದೆ. ಮದುವೆ, ಮಕ್ಕಳು, ಅತ್ತೆಯ ಕಾಯಿಲೆ ಇವುಗಳ ನಡುವೆ ನಲವತ್ತರ ವಯಸ್ಸಿನಲ್ಲಿ ಆ ಪುಸ್ತಕ ಹಿಡಿದು ಕಣ್ಣೀರು ಹಾಕಿದ ಹೆಣ್ಣುಮಕ್ಕಳನ್ನು ನೋಡಿದ್ದೇನೆ. ನಿನಗೆ ಆ ಕಷ್ಟ ಬೇಡ.

ಪರೀಕ್ಷಾರ್ಥ ಅವಧಿ ತೃಪ್ತಿಕರವಾಗಿ ಪೂರ್ಣಗೊಂಡಿದೆ ಎಂಬ ಆದೇಶ ತಾನಾಗಿ ಹೊರಬೀಳುವುದಿಲ್ಲ. ನೀನೇ ಮನವಿ ಕೊಡಬೇಕು, ಆದೇಶವಾದ ಮೇಲೆ ಸೇವಾ ಪುಸ್ತಕದಲ್ಲಿ ನಮೂದಾಯಿತೇ ಎಂದು ಕಣ್ಣಾರೆ ನೋಡಬೇಕು. ರಜೆ, ವೇತನ ಬಡ್ತಿ, ಪರೀಕ್ಷೆ ಪಾಸಾದದ್ದು, ನಾಮನಿರ್ದೇಶನ ಎಲ್ಲವೂ ಅಲ್ಲಿ ಬರಬೇಕು. ಎಚ್‌ಆರ್‌ಎಂಎಸ್ ತಂತ್ರಾಂಶದಲ್ಲಿದೆ ಅಂತ ಸುಮ್ಮನಿರಬೇಡ. ಆದೇಶಗಳ ಪ್ರತಿಗಳನ್ನು ಮನೆಯಲ್ಲಿ ಒಂದು ಫೈಲಿನಲ್ಲಿ ಇಡು.

ಬಡ್ತಿ ಸಿಗಲು ಮೇಲೆ ಹುದ್ದೆ ಖಾಲಿಯಾಗಬೇಕು. ಹಾಗಾಗದೆ ಹತ್ತು ವರ್ಷ ಒಂದೇ ಹುದ್ದೆಯಲ್ಲಿದ್ದರೆ 1983ರ ನಿಯಮಗಳ ಪ್ರಕಾರ ಕಾಲಮಿತಿ ವೇತನ ಬಡ್ತಿ, ಹದಿನೈದು ವರ್ಷವಾದರೆ 1991ರ ನಿಯಮಗಳ ಪ್ರಕಾರ ಸ್ವಯಂಚಾಲಿತ ವಿಶೇಷ ಬಡ್ತಿ. ಕುರ್ಚಿ ಬದಲಾಗದಿದ್ದರೂ ಸಂಬಳ ಮುಂದಿನ ಶ್ರೇಣಿಗೆ ಹೋಗುತ್ತದೆ.

ಈಗ ಹೇಳುವುದನ್ನು ಎರಡು ಸಲ ಓದು. ಕೆಲವು ವೃಂದಕ್ಕೆ ಜ್ಯೇಷ್ಠತೆಯ ಘಟಕ ಜಿಲ್ಲೆ, ಕೆಲವಕ್ಕೆ ವಿಭಾಗ, ಕೆಲವಕ್ಕೆ ಇಡೀ ರಾಜ್ಯ. ಸ್ವಂತ ಕೋರಿಕೆಯ ಮೇಲೆ ಒಂದು ಘಟಕ ಬಿಟ್ಟು ಇನ್ನೊಂದಕ್ಕೆ ಹೋದರೆ, ಅಲ್ಲಿ ಆಗಲೇ ಇರುವ ಎಲ್ಲರ ಕೆಳಗೆ ನಿನ್ನ ಹೆಸರು ಬರುತ್ತದೆ. ಎಂಟು ವರ್ಷ ಮೊದಲು ಸೇರಿದವಳು ನಿನ್ನೆ ಮೊನ್ನೆ ಬಂದವರ ಹಿಂದೆ ನಿಲ್ಲಬೇಕಾಗುತ್ತದೆ. ಮದುವೆಯಾದ ಮೇಲೆ ಗಂಡನ ಊರಿಗೆ ವರ್ಗ ಮಾಡಿಸಿಕೊಳ್ಳಲು ಎರಡೂ ಮನೆಯವರು ಅವಸರಪಡುತ್ತಾರೆ. ಹೋಗಲೇಬೇಕಾದರೆ ಹೋಗು, ಸಂಸಾರವೂ ದೊಡ್ಡದೇ. ಆದರೆ ಘಟಕ ಬದಲಾಗುತ್ತದೆಯೇ ಎಂದು ಮೊದಲು ತಿಳಿದುಕೋ. ಬದಲಾಗುವುದಾದರೆ, ಇದರಿಂದ ಏನು ಕಳೆದುಕೊಳ್ಳುತ್ತೀ ಎಂಬುದನ್ನು ಗಂಡನನ್ನೂ ಎದುರಿಗೆ ಕೂರಿಸಿಕೊಂಡು ಲೆಕ್ಕ ಹಾಕು.

ಹಾಗೆಯೇ ಬಡ್ತಿ ನಿರಾಕರಣೆ. ಅಧೀಕ್ಷಕಿ ಹುದ್ದೆಗೆ ಬಡ್ತಿ ಬಂದಾಗ ಬೇರೆ ತಾಲ್ಲೂಕಿಗೆ ಹಾಕುತ್ತಾರೆ. ಆ ಹೊತ್ತಿಗೆ ಮಗ ಎಸ್ಎಸ್ಎಲ್‌ಸಿಯಲ್ಲಿರುತ್ತಾನೆ. "ಬಡ್ತಿ ಬೇಡ" ಎಂದು ಬರೆದುಕೊಡುವುದು ಎರಡು ಸಾಲಿನ ಕೆಲಸ. ಹಾಗೆ ಬರೆದುಕೊಟ್ಟವರಿಗೆ ಕಾಲಮಿತಿ ವೇತನ ಬಡ್ತಿಯ ಸೌಲಭ್ಯವೂ ತಪ್ಪುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಗಂಡಸರು ಆ ಕಾಗದಕ್ಕೆ ಸಹಿ ಹಾಕುವುದು ಅಪರೂಪ, ನಮ್ಮ ಹೆಣ್ಣುಮಕ್ಕಳು ಹಾಕುತ್ತಲೇ ಬಂದಿದ್ದಾರೆ. ನನಗೆ ಇದು ನಿಜಕ್ಕೂ ನೋವಿನ ವಿಷಯ. ಒಂದೆರಡು ವರ್ಷ ಬಸ್ಸಿನಲ್ಲಿ ಓಡಾಡಿಯಾದರೂ ಸರಿ, ಬಡ್ತಿ ತೆಗೆದುಕೋ. ಮನೆಯವರು ಆ ಎರಡು ವರ್ಷ ನಿನ್ನ ಪರವಾಗಿ ಹೊಂದಿಕೊಳ್ಳಲಿ. ನಿಮ್ಮಮ್ಮನಿಗೂ ಈಗಲೇ ಹೇಳಿಟ್ಟಿದ್ದೇನೆ.

ಗಿಂಬಳದ ಮಾತು ನಿನಗೆ ಹೇಳಬೇಕಿಲ್ಲ ಅನ್ನುವ ನಂಬಿಕೆ ನನ್ನದು. ಆದರೂ ನಿನ್ನ ಹೆಸರಿನಲ್ಲಿ ಬೇರೆಯವರು ತೆಗೆದುಕೊಳ್ಳದಂತೆ ನೋಡಿಕೋ. ನಿನ್ನ ಮೇಜಿನ ಕಡತ ಎಷ್ಟು ದಿನದಿಂದ ಕೂತಿದೆ, ಯಾಕೆ ಕೂತಿದೆ ಎಂಬುದಕ್ಕೆ ಟಿಪ್ಪಣಿ ಹಾಳೆಯಲ್ಲಿ ನಿನ್ನ ಬರಹದ ಉತ್ತರ ಇರಲಿ.

ಕೊನೆಯದಾಗಿ, ಕೆಎಎಸ್ ಆಸೆಯನ್ನು ಬಿಡಬೇಡ. ಗ್ರೂಪ್ ಎ ಪ್ರೊಬೇಷನರ್‌ಗಳ ಶ್ರೇಣಿ 83,700ರಿಂದ ಆರಂಭ, ನಿನ್ನ ಈಗಿನ ಶ್ರೇಣಿ ಮುಗಿಯುವುದೇ ಅಲ್ಲಿ. ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಹುದ್ದೆ ಕೂಡ 61,300ರಿಂದ ಶುರುವಾಗುತ್ತದೆ. ಯಾವ ಪರೀಕ್ಷೆ ಬರೆದರೂ ಅರ್ಜಿ ಹಾಕುವ ಮೊದಲೇ ಇಲಾಖೆಗೆ ಪತ್ರ ಕೊಟ್ಟು, ಸ್ವೀಕೃತಿ ಪಡೆದು, ಅನುಮತಿ ತೆಗೆದುಕೋ. ಹೀಗೆ ಅನುಮತಿಯಿಂದ ಹೋದವರು ಇಲ್ಲಿ ರಾಜೀನಾಮೆ ಕೊಟ್ಟು ಅಲ್ಲಿ ಸೇರಿದರೂ ಕೆಸಿಎಸ್‌ಆರ್ 252(ಬಿ) ನಿಯಮದಡಿ ಹಿಂದಿನ ಸೇವೆ ಕಳೆದುಹೋಗುವುದಿಲ್ಲ. ಹೇಳದೆ ಕೇಳದೆ ಬರೆದು ಆಯ್ಕೆಯಾದವರು ಬಿಡುಗಡೆಗಾಗಿ ಅಲೆದಿದ್ದಾರೆ. ಅನುಮತಿ ಕೋರುವ ಪತ್ರದ ಒಕ್ಕಣೆ ನನ್ನ ಬಳಿ ಇದೆ, ಬೇಕಾದಾಗ ಕೇಳು.