ಐದೂವರೆ ಪರ್ಸೆಂಟಿನ ಎಸ್‌ಯುವಿ

ದಸರೆಯಿಂದ ದೀಪಾವಳಿಯವರೆಗಿನ ಕಾಲದಲ್ಲಿ ಎಸ್‌ಯುವಿ ಕೊಳ್ಳಲೆಂದು ಶೋರೂಮಿಗೆ ಹೋಗುವ ಗೃಹಸ್ಥನ ಕಿವಿಗೆ, ಗಾಡಿಯ ಬೆಲೆಗಿಂತಲೂ ಮೊದಲು ಬೀಳುವುದು ಬಡ್ಡಿಯ ದರ. ಆ ದರವು ಎಷ್ಟು ಅಲ್ಪವಾಗಿ ಕೇಳಿಸುತ್ತದೆಯೋ ಅಷ್ಟರಮಟ್ಟಿಗೆ ಮಿಕ್ಕ ವೆಚ್ಚಗಳು ಅವನ ದೃಷ್ಟಿಯಿಂದ ಮರೆಯಾಗುತ್ತವೆ. ಎಕ್ಸ್‌-ಶೋರೂಂ ಬೆಲೆ 16 ಲಕ್ಷವಿದ್ದ ಡೀಸೆಲ್ ಗಾಡಿಯೊಂದನ್ನು ಮೈಸೂರಿನಲ್ಲಿ ನಾನು ಕೊಳ್ಳಹೊರಟಾಗ, ಹತ್ತು ಲಕ್ಷದ ಸಾಲಕ್ಕೆ "ಬರೀ ಐದೂವರೆ ಪರ್ಸೆಂಟ್ ಸಾರ್, ಯಾವ ಬ್ಯಾಂಕೂ ಕೊಡಲ್ಲ" ಎಂದನು ಅಲ್ಲಿನ ಯುವಕ. ಅದು ಫ್ಲಾಟ್ ದರವೆಂಬುದು ಅವನ ಬಾಯಿಂದ ಹೊರಟದ್ದು ಎರಡನೆಯ ಸಲ ಕೇಳಿದ ಮೇಲೆ.

ಲೆಕ್ಕವನ್ನು ಸಾವಧಾನವಾಗಿಯೇ ಮಾಡೋಣ. ಹತ್ತು ಲಕ್ಷಕ್ಕೆ ಶೇ. 5.5ರಂತೆ ವರ್ಷಕ್ಕೆ 55,000. ಐದು ವರ್ಷಕ್ಕೆ 2,75,000. ಅಸಲೂ ಸೇರಿ 12,75,000. ಅರವತ್ತು ಕಂತುಗಳಿಗೆ ಹಂಚಿದರೆ ಇಎಂಐ 21,250. ತಿಂಗಳು ತಿಂಗಳೂ ಅಸಲನ್ನು ತೀರಿಸುತ್ತ ಬಂದು, ಐದನೆಯ ವರ್ಷದ ಆರಂಭಕ್ಕೆ ಎರಡೂವರೆ ಲಕ್ಷಕ್ಕಿಂತ ಕಡಿಮೆ ಬಾಕಿ ಉಳಿಸಿಕೊಂಡಿರುವ ಸಾಲಗಾರನು, ಆಗಲೂ ತೆರುವುದು ಪೂರ್ಣ ಹತ್ತು ಲಕ್ಷದ ಮೇಲಣ ಬಡ್ಡಿಯನ್ನೇ. ಇದೇ ಕಂತನ್ನು, ಉಳಿದ ಬಾಕಿಗಷ್ಟೇ ಬಡ್ಡಿ ಹಾಕುವ ರೆಡ್ಯೂಸಿಂಗ್ ಲೆಕ್ಕಕ್ಕೆ ತಿರುಗಿಸಿದರೆ ದರ ಶೇ. 10! ನನ್ನ ಸಂಬಳದ ಖಾತೆಯಿದ್ದ ಬ್ಯಾಂಕು ಶೇ. 9ಕ್ಕೆ ಕೊಡಲು ಒಪ್ಪಿತ್ತು. ಕಂತು 20,758, ಒಟ್ಟು ಬಡ್ಡಿ ಸುಮಾರು 2,45,500. ಒಂಬತ್ತಕ್ಕಿಂತ ಐದೂವರೆಯೇ 29,500 ರೂಪಾಯಿ ತುಟ್ಟಿಯಾಯಿತು. ಸಾಲದುದಕ್ಕೆ, ಅವರ ಫೈನಾನ್ಸನ್ನೇ ಹಿಡಿದರೆ 40,000 ರೂಪಾಯಿಯ ನಗದು ರಿಯಾಯಿತಿ ಇಲ್ಲವಂತೆ.

ಇಂಥ ಸಾಲಗಳಿಗೆ, ಮುಖ್ಯ ವಿವರಗಳ ಹಾಳೆಯಾದ ಕೆಎಫ್‌ಎಸ್ ಕೊಡಬೇಕೆಂದೂ ಅದರಲ್ಲಿ ಶುಲ್ಕಗಳೂ ಸೇರಿದ ವಾರ್ಷಿಕ ದರವಾದ ಎಪಿಆರ್ ನಮೂದಾಗಬೇಕೆಂದೂ ರಿಸರ್ವ್ ಬ್ಯಾಂಕು 2024ರ ಅಕ್ಟೋಬರ್ 1ರಿಂದ ವಿಧಿಸಿದೆ. ಆ ಹಾಳೆಯನ್ನು ಕೇಳಿದರೆ, "ಅದೆಲ್ಲ ಆಮೇಲೆ ಬರುತ್ತೆ ಸಾರ್" ಎಂಬ ಉತ್ತರ. ಸಹಿಗೆ ಮುನ್ನ ಓದಬೇಕಾದುದು ಸಹಿಯ ತರುವಾಯ ಬರುವುದಾದರೆ ಅದನ್ನೇನು ಫ್ರೇಮು ಹಾಕಿಸಿಡಬೇಕೆ? ಫ್ಲಾಟ್ ದರವನ್ನು ಹೇಳುವವನಿಗೆ ಅದರ ಅರ್ಥ ಗೊತ್ತು. ಕೇಳುವವನಿಗೆ ಗೊತ್ತಾಗಬಾರದೆಂಬುದೇ ಅದರ ಉಪಯೋಗ.

ಇಷ್ಟು ಹೋರಾಡಿ ಬಡ್ಡಿಯಲ್ಲಿ ಉಳಿಸಿದ್ದಾದರೂ ಎಷ್ಟು? ಬ್ಯಾಂಕಿನ ಇಡೀ ಬಡ್ಡಿಯೇ ಸರಾಸರಿ ತಿಂಗಳಿಗೆ 4,100 ರೂಪಾಯಿಯ ಆಸುಪಾಸು; ಮಿಕ್ಕ ವೆಚ್ಚಗಳ ಮುಂದೆ ಅದು ಅಲ್ಪ. ವಿಮೆಯವರ ಸವಕಳಿ ಕೋಷ್ಟಕದಂತೆ ಐದನೆಯ ವರ್ಷದಲ್ಲಿ ಗಾಡಿಯ ಐಡಿವಿ, ಅಂದರೆ ವಿಮೆಗೆ ಹಿಡಿಯುವ ಬೆಲೆ, ಅರ್ಧಕ್ಕಿಳಿಯುತ್ತದೆ. ಎಂದರೆ ಐದು ವರ್ಷದಲ್ಲಿ ಎಂಟು ಲಕ್ಷದ ನಷ್ಟ, ತಿಂಗಳಿಗೆ 13,333. ಹತ್ತರಿಂದ ಇಪ್ಪತ್ತು ಲಕ್ಷದೊಳಗಿನ ಗಾಡಿಗೆ ಕರ್ನಾಟಕದ ಆಜೀವ ತೆರಿಗೆ ಶೇ. 17, ಸೆಸ್ ಸೇರಿ ಮೂರು ಲಕ್ಷದ ಸಮೀಪ, ಅದೂ ನೋಂದಣಿಯ ದಿನವೇ. ಲೀಟರಿಗೆ 12 ಕಿ.ಮೀ. ಕೊಡುವ ಗಾಡಿಯನ್ನು ತಿಂಗಳಿಗೆ ಸಾವಿರ ಕಿ.ಮೀ. ಓಡಿಸಿದರೆ, ಲೀಟರಿಗೆ 90 ರೂಪಾಯಿಯಂತೆ ಡೀಸೆಲ್ಲಿಗೇ 7,500. ಟಯರು, ಸರ್ವಿಸು, ವಿಮೆಗಳನ್ನು ಬರೆಯಹೋಗುವುದಿಲ್ಲ.

ಕಂತು ಸಂಬಳದೊಳಗೆ ಹಿಡಿಯುತ್ತದೆಯೆ ಎಂದಷ್ಟೇ ಕೇಳುವ ಅಭ್ಯಾಸ ನಮ್ಮ ಮಧ್ಯಮವರ್ಗಕ್ಕೆ ಅಂಟಿಕೊಂಡಿದೆ. ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಎರಡು ರೂಪಾಯಿ ಚೌಕಾಸಿ ಮಾಡುವವರು, ಶೋರೂಮಿನ ಸೋಫಾದಲ್ಲಿ ಕುಳಿತು ಕಾಫಿ ಕುಡಿದ ದಾಕ್ಷಿಣ್ಯಕ್ಕೆ ಅಲ್ಲಿಯ ವಿಮೆಯನ್ನೂ ಸೆರಾಮಿಕ್ ಕೋಟಿಂಗನ್ನೂ ಮರುಮಾತಿಲ್ಲದೆ ಒಪ್ಪಿಬಿಡುತ್ತಾರೆ.

ಹೊಸದರ ಬದಲು, ರಾಜ್ಯದೊಳಗೇ ನೋಂದಣಿಯಾಗಿ ಮೂರು ವರ್ಷ ಓಡಿದ ಗಾಡಿಯಾದರೆ ಆಜೀವ ತೆರಿಗೆಯನ್ನು ಮೊದಲ ಯಜಮಾನನೇ ಕಟ್ಟಿರುತ್ತಾನೆ, ಸವಕಳಿಯ ಮೊದಲ ಪೆಟ್ಟೂ ಅವನದೇ; ಅದಕ್ಕೆ ಸಾಲದ ದರ ಹೆಚ್ಚಾದರೂ ಅಸಲು ಚಿಕ್ಕದು. ಈ ವಾದವನ್ನು ನಾನು ಮನೆಯಲ್ಲಿ ಮಂಡಿಸಿದೆ. "ಯಾರೋ ಓಡಿಸಿ ಬಿಟ್ಟ ಗಾಡಿಗೆ ಆಯುಧಪೂಜೆ ಮಾಡ್ತೀರಾ?" ಎಂದರು ಅತ್ತೆಯವರು. ಬ್ಯಾಂಕಿನ ಶೇ. 9ರ ಸಾಲದಲ್ಲಿ, ನಗದು ರಿಯಾಯಿತಿಯನ್ನೂ ಬಿಡದೆ, ವಿಮೆಯನ್ನು ಹೊರಗಿನಿಂದ ಮಾಡಿಸಿಕೊಂಡು ಹೊಸ ಗಾಡಿಯನ್ನೇ ತಂದೆವು.